ಅಕ್ಕ, ನಾನು ಮತ್ತು ಐದು ಗಂಟೆಯ ಹಸಿವು: ದಿನಚರಿಯ ಪುಟಗಳು

22 ಜುಲೈ 2024, ಸೋಮವಾರ
ದಾವಣಗೆರೆ

ಅಕ್ಕನ (ನನ್ನ ಓರಗಿತ್ತಿಯ) ರಕ್ತಪರೀಕ್ಷೆಯ ರಿಪೋರ್ಟ್ ಬಂತು. ಎಚ್‌ಬಿಎ1ಸಿ 6.2. ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ ಇದು. 5.7ಕ್ಕಿಂತ ಕಡಿಮೆ ಇದ್ದರೆ ನಿಶ್ಚಿಂತೆ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಅಕ್ಕ ಎರಡರ ನಡುವೆ ಇದ್ದಾರೆ. ಡಾಕ್ಟರು ಮಾತ್ರೆ ಬರೆಯಲಿಲ್ಲ. ತೂಕ ಇಳಿಸಿ, ದಿನಾ ನಡೆಯಿರಿ, ಆರು ತಿಂಗಳ ಮೇಲೆ ನೋಡೋಣ ಅಂದರು.

ಅಕ್ಕನ ತೂಕ 82 ಕೆಜಿ, ನನ್ನದು 71. ನನ್ನ ಸಕ್ಕರೆ ಸರಿಯಾಗಿದೆ. ಆದರೆ ಸೊಂಟದ ಸುತ್ತಳತೆ 94 ಸೆಂ.ಮೀ. ನಮ್ಮ ದೇಶದ ಹೆಣ್ಣುಮಕ್ಕಳಿಗೆ ಅದು 80 ದಾಟಬಾರದು. ಹೊಟ್ಟೆಯೊಳಗೆ ಕೂಡುವ ಕೊಬ್ಬೇ ಇನ್ಸುಲಿನ್ ಕೆಲಸಕ್ಕೆ ಹೆಚ್ಚು ಅಡ್ಡಿ ಮಾಡುತ್ತದೆ. ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವ ನನಗೆ ಇದು ಗೊತ್ತಿರುವ ವಿಷಯವೇ.

ರಾತ್ರಿ ಪಾತ್ರೆ ಒರೆಸುತ್ತ ಅಕ್ಕ ಮಾವನವರ ಮಾತು ತೆಗೆದರು. ಸಕ್ಕರೆಯಿಂದ ಅವರ ಕಾಲಿನ ಗಾಯ ಮಾಯಲಿಲ್ಲ. ಮೊದಲು ಹೆಬ್ಬೆರಳು ತೆಗೆದರು, ಆಮೇಲೆ ಪಾದ. ಆಗ ನಾನಿನ್ನೂ ಈ ಮನೆಗೆ ಬಂದಿರಲಿಲ್ಲ.

"ಆ ಗಾಯ ತೊಳೆದಾಕಿ ನಾನು. ನನ್ನ ಮಗಳು ನನ್ನ ಕಾಲು ತೊಳೆಯೋ ಹಂಗ ಆಗಬಾರದು" ಅಂದರು.

"ನಾನೂ ನಿಮ್ಮ ಜೊತೆ ಇರ್ತೀನಿ ಅಕ್ಕಾ. ಇಬ್ಬರೂ ಸೇರಿ ಇಳಿಸೋಣ" ಅಂದೆ.

ಅವರಿಗೆ ಅಂಕಿ ಬೇಕಿತ್ತು. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಕತೆ ಹೇಳಿದೆ: ತೂಕದಲ್ಲಿ ನೂರಕ್ಕೆ 7 ಭಾಗ ಇಳಿಸುವುದು, ವಾರಕ್ಕೆ 150 ನಿಮಿಷ ನಡೆಯುವುದು, ಇಷ್ಟೇ ಗುರಿ. ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಶೇ 58ರಷ್ಟು ತಗ್ಗಿತ್ತು. ಅಕ್ಕನಿಗೆ ಅದಕ್ಕಿಂತ ಚೆನ್ನೈನ ಅಧ್ಯಯನ ಹಿಡಿಸಿತು. 2006ರದು. ಅಲ್ಲಿ ಇಳಿದದ್ದು ಶೇ 28.5. ಮಾತ್ರೆ ತೆಗೆದುಕೊಂಡವರಿಗೂ ಹೆಚ್ಚುಕಡಿಮೆ ಅಷ್ಟೇ ಲಾಭ. "ಅವರು ನಮ್ಮಂಗ ಅನ್ನ ಉಣ್ಣೋರು. ಅವರಿಗೆ ಆದ್ರ ನಮಗೂ ಆಕ್ಕತಿ" ಅಂದರು. 82ರಲ್ಲಿ 7 ಭಾಗ ಅಂದರೆ ಆರು ಕೆಜಿಯೂ ಇಲ್ಲ. ಇದು ಆಗುವ ಮಾತು.

28 ಜುಲೈ, ಭಾನುವಾರ

ಮನೆಯವರು, ಭಾವ, ಮಕ್ಕಳು ಬೆಣ್ಣೆದೋಸೆಗೆ ಹೋದರು. ನಾವಿಬ್ಬರೂ ಮನೆಯಲ್ಲಿ ಉಳಿದೆವು. ಅಕ್ಕ ಸುಮ್ಮನೆ ಕೂತಿದ್ದರು. ಕೇಳಿದರೆ, "ಇನ್ನು ಮುಂದೆ ದೋಸೆ ಇಲ್ಲೇ ಇಲ್ಲೇನು?" ಅಂದರು. ಆ ದನಿ ಕೇಳಿ ಸಂಕಟವಾಯಿತು. ಚೆನ್ನಮ್ಮ ಎಂಬ ತಾಯಿ ಮಕ್ಕಳನ್ನು ಕಟ್ಟಿಕೊಂಡು ಬೆಳಗಾವಿ ಕಡೆಯಿಂದ ಬಂದು, 1928ರ ಹೊತ್ತಿಗೆ ಈ ಊರಲ್ಲಿ ದೋಸೆ ಹೊಯ್ಯಲು ಕೂತಳು ಎಂದು ಹಿರಿಯರು ಹೇಳುತ್ತಾರೆ. ಊರಿಗೆ ಹೆಸರು ತಂದ ತಿಂಡಿಯನ್ನು ಶತ್ರು ಮಾಡಿಕೊಂಡು ಇಲ್ಲಿ ಬಾಳುವುದು ಸಾಧ್ಯವಿಲ್ಲ.

ಹಾಗಾಗಿ ಏನನ್ನೂ ಪೂರ್ತಿ ಬಿಡುವುದು ಬೇಡ ಎಂದು ಗೊತ್ತುಮಾಡಿದೆವು. ತಿಂಗಳಿಗೊಮ್ಮೆ ಇಬ್ಬರೂ ಕೂಡಿ ಹೋಗಿ ಒಂದೊಂದು ದೋಸೆ ತಿನ್ನುವುದು. ಉಳಿದದ್ದು ಮನೆಯ ಒಲೆಯಲ್ಲೇ ಸರಿಮಾಡಬೇಕು. ಒಂದು ಗ್ರಾಂ ಪಿಷ್ಟದಲ್ಲಿ 4 ಕ್ಯಾಲರಿ, ಒಂದು ಗ್ರಾಂ ಎಣ್ಣೆಯಲ್ಲಿ 9. ಒಂದು ದೊಡ್ಡ ಚಮಚ ಎಣ್ಣೆಗೆ ಸುಮಾರು 120. ಕ್ಯಾನಿನಿಂದ ನೇರ ಬಾಣಲೆಗೆ ಸುರಿಯುತ್ತಿದ್ದೆವು. ಇಂದಿನಿಂದ ವಾರದ ಎಣ್ಣೆ ಒಂದು ಬಾಟಲಿಗೆ ಅಳೆದು ಹಾಕುವುದು, ಅದರಲ್ಲೇ ವಾರ ಕಳೆಯುವುದು. ಜೋಳದ ರೊಟ್ಟಿ ಇರಲಿ, ಎರಡಕ್ಕೆ ನಿಲ್ಲಲಿ. ತಟ್ಟೆಗೆ ಮೊದಲು ಬೀಳುವುದು ಪಲ್ಯ, ಹೆಸರುಕಾಳು, ಸೌತೆಕಾಯಿ.

ಇನ್ನೊಂದು ಮಾತು ಅಕ್ಕನೇ ಹೇಳಿದ್ದು: "ಒಬ್ಬರನ್ನೊಬ್ಬರು ಕಾಯೋದು ಬ್ಯಾಡ. ತಿನ್ನಬೇಕು ಅನ್ನಿಸಿದಾಗ ಬಾಯಿಬಿಟ್ಟು ಹೇಳಾಣ, ಅಷ್ಟೇ."

8 ಆಗಸ್ಟ್, ಗುರುವಾರ

ನಾಳೆ ನಾಗರಪಂಚಮಿ. ಉಂಡೆಗಳ ಹಬ್ಬ. ಶೇಂಗಾ ಉಂಡೆ, ಎಳ್ಳುಂಡೆ, ರವೆ ಉಂಡೆ, ತಂಬಿಟ್ಟು. ನಾದಿನಿಯರು ಬರುತ್ತಾರೆ, ಅವರಿಗೆ ಕಟ್ಟಿಕೊಡಲೂ ಬೇಕು. ಬೆಳಿಗ್ಗೆಯಿಂದ ಅಡುಗೆಮನೆ ತುಂಬ ಹುರಿದ ಶೇಂಗಾ, ಬೆಲ್ಲದ ಪಾಕ, ಏಲಕ್ಕಿಯ ಘಮ.

ಬೇರೆಯವರಿಗಾಗಿ ಸಿಹಿ ಮಾಡುತ್ತ ತಾನು ತಿನ್ನದಿರುವುದು ಎಷ್ಟು ಕಷ್ಟ ಎಂಬುದು ಅಡುಗೆ ಮಾಡದವರಿಗೆ ತಿಳಿಯದು. ಊಟಕ್ಕೆ ಕೂತಾಗ ತಿನ್ನುವುದಕ್ಕಿಂತ ಹೆಚ್ಚು, ಕೈಗಂಟಿದ್ದು, ಪುಡಿಯಾದದ್ದು, ರುಚಿ ನೋಡಿದ್ದು ಎಂದು ಹೊಟ್ಟೆಗೆ ಹೋಗುತ್ತದೆ. ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಅಕ್ಕ ಒಂದು ಉಪಾಯ ಮಾಡಿದರು: ಇಬ್ಬರೂ ಬಾಯಲ್ಲಿ ಲವಂಗ ಇಟ್ಟುಕೊಂಡೆವು. ಪಾಕದ ಹದ ನೀರಿನ ಬಟ್ಟಲಲ್ಲಿ ನೋಡಿದೆವು, ರುಚಿ ನೋಡಲು ಮಕ್ಕಳನ್ನು ಕರೆದೆವು. ಎಳ್ಳುಂಡೆ ಕಟ್ಟುವಾಗ ಅಕ್ಕ ಎರಡು ಸಲ "ಬಾಯಿಗೆ ಹೋಗ್ತೈತಿ ನೋಡೇ ಕೈ" ಅಂದರು. ನಾನು "ನಂದೂ" ಅಂದೆ. ಹಾಗೆ ಅಂದ ಮೇಲೆ ಕೈ ಮತ್ತೆ ತಟ್ಟೆಯ ಕಡೆಗೇ ಹೋಯಿತು.

ನಾಳೆ ಊಟವಾದ ಮೇಲೆ, ಕೂತು, ಇಷ್ಟವಾದ ಒಂದೇ ಉಂಡೆ. ನನ್ನದು ಶೇಂಗಾ, ಅಕ್ಕನದು ಎಳ್ಳು.

21 ಆಗಸ್ಟ್, ಬುಧವಾರ

ದಿನದ ಅತಿ ಕಷ್ಟದ ಹೊತ್ತು ಸಂಜೆ ಐದು. ಕಾಲೇಜು ಬಿಟ್ಟು ಬರುವ ದಾರಿಯಲ್ಲಿ ಮಂಡಕ್ಕಿ-ಮೆಣಸಿನಕಾಯಿ ಬಂಡಿ. ಕಡಲೆಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಕಾದ ಎಣ್ಣೆಗೆ ಬಿದ್ದ ಸದ್ದು ರಸ್ತೆಯಾಚೆಗೂ ಕೇಳಿಸುತ್ತದೆ. ಇವತ್ತು ಕಾಲು ನಿಂತೇಬಿಟ್ಟಿತು. ಅಕ್ಕನಿಗೆ ಫೋನ್ ಮಾಡಿದೆ.

"ಬಂಡಿ ಮುಂದೆ ನಿಂತೀನಿ ಅಕ್ಕಾ."

"ಹಸಿವಾಗೈತೋ, ವಾಸನೆಗೆ ಆಸೆ ಆಗೈತೋ?"

"ಎರಡೂ."

"ಮಾತಾಡ್ತಾ ಬಾ. ನಾನು ಮಂಡಕ್ಕಿ ಕಲಸಿರ್ತೀನಿ."

ಮನೆ ಮುಟ್ಟುವವರೆಗೂ ಮಾತಾಡಿದರು: ಹೊಲಿಯಲು ಬಂದ ಬ್ಲೌಸಿನ ಬಣ್ಣ, ಅತ್ತೆಯವರ ಮಂಡಿನೋವು, ಸೋರುವ ನಲ್ಲಿ. ಬಾಗಿಲು ತೆಗೆಯುವಷ್ಟರಲ್ಲಿ ಆ ಸೆಳೆತ ಅರ್ಧಕ್ಕರ್ಧ ಇಳಿದಿತ್ತು. ಈರುಳ್ಳಿ, ಟೊಮೆಟೊ, ಸೌತೆಕಾಯಿ, ಕೊತ್ತಂಬರಿ, ಹುರಿಗಡಲೆ ಪುಡಿ, ನಿಂಬೆ ಹಿಂಡಿದ ಮಂಡಕ್ಕಿ ಒಂದು ಬಟ್ಟಲು. ಮಂಡಕ್ಕಿ ಹಗುರ ತಿಂಡಿಯೇ. ಭಾರವಾಗುವುದು ಜೊತೆಗೆ ಬರುವ ಕರಿದದ್ದರಿಂದ.

ನಾಳೆ ತರಗತಿಯಲ್ಲಿ ಗ್ರೆಲಿನ್ ಬಗ್ಗೆ ಹೇಳಬೇಕು. 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದ, ಜಠರ ಸುರಿಸುವ ಹಸಿವಿನ ಹಾರ್ಮೋನು. ನಾವು ದಿನಾ ಉಣ್ಣುವ ಹೊತ್ತನ್ನು ದೇಹ ಕಲಿತುಕೊಳ್ಳುತ್ತದೆ, ಆ ಹೊತ್ತಿಗೆ ಸರಿಯಾಗಿ ಗ್ರೆಲಿನ್ ಏರುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ಐದು ಗಂಟೆಗೆ ಬಂಡಿಯ ಮುಂದೆ ನಿಂತವಳು ಚಂಚಲೆಯಲ್ಲ, ವರ್ಷಗಳಿಂದ ಆ ಹೊತ್ತಿಗೆ ತಿಂದವಳು. ಇದನ್ನು ಮಕ್ಕಳಿಗೆ, ಅದರಲ್ಲೂ ದಪ್ಪ ಎಂದು ಹೀಯಾಳಿಸಿಕೊಳ್ಳುವ ಹುಡುಗಿಯರಿಗೆ, ಬಿಡಿಸಿ ಹೇಳಬೇಕು.

8 ಸೆಪ್ಟೆಂಬರ್, ಭಾನುವಾರ

ನಿನ್ನೆ ಗಣೇಶ ಚೌತಿ. ಮನೆ ತುಂಬ ಜನ. "ಯಾಕ ಹಿಂಗ ಸೊರಗೀರಿ?", "ಹಬ್ಬದ ದಿನ ಒಂದು ಕಡುಬು ತಿಂದ್ರ ಏನಾಕ್ಕತಿ?" ಒಂದು ಕಡುಬಿನಿಂದ ಏನೂ ಆಗದು, ನಿಜ. ಆದರೆ ಬಂದವರೆಲ್ಲ ಒಂದೊಂದು ಅಂದರೆ ಸಂಜೆಗೆ ತಟ್ಟೆ ತುಂಬುತ್ತದೆ.

ಅತ್ತೆಯವರು ಬಡಿಸಲು ಬಂದರು. ಅಕ್ಕ ಕೈ ಅಡ್ಡ ಹಿಡಿದರು. "ನಾನು ನೀಡಿದ್ದು ಒಲ್ಲೆ ಅಂತೀಯಾ?" ಎಂದು ಅತ್ತೆಯವರ ಮುಖ ಬಾಡಿತು. ಬಡಿಸುವುದರಲ್ಲೇ ಪ್ರೀತಿ ತೋರಿಸಿ ಬದುಕಿದ ಜೀವ, ಬೇರೆ ರೀತಿ ಅವರಿಗೆ ಗೊತ್ತಿಲ್ಲ. ಎಲ್ಲರೂ ಹೋದ ಮೇಲೆ ಅಕ್ಕ ಅವರ ಪಕ್ಕ ಕೂತು ರಿಪೋರ್ಟಿನ ವಿಷಯ ಹೇಳಿದರು. ಇಷ್ಟು ದಿನ ಹೇಳಿರಲಿಲ್ಲ, ಹೆದರಿಯಾರು ಎಂದು. ಅತ್ತೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವರಿಗೂ ನಾನೇ ನೀಡಿದ್ದು. ಬ್ಯಾಡ ಅಂದ್ರೂ ನೀಡಿದ್ದು" ಅಂದರು. ಅಕ್ಕ ಅವರ ಕೈ ಹಿಡಿದುಕೊಂಡು, ಕಾಯಿಲೆ ಬಂದದ್ದು ನಿಮ್ಮಿಂದಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಅದು ಸತ್ಯ. ವಂಶ, ವಯಸ್ಸು, ಕೂತು ಮಾಡುವ ಕೆಲಸ, ಎಷ್ಟೋ ಕಾರಣ.

ಇವತ್ತು ಬೆಳಿಗ್ಗೆ ಉಳಿದ ಕಡುಬಿನ ಡಬ್ಬಿಯನ್ನು ಅತ್ತೆಯವರು ತಾವೇ ಪಕ್ಕದ ಮನೆಗಳಿಗೆ ಹಂಚಿ ಬಂದರು. ನಮ್ಮ ಜೊತೆ ಈಗ ಮೂರನೆಯವರು ಸೇರಿದರು.

13 ಅಕ್ಟೋಬರ್, ಭಾನುವಾರ

ದಸರಾ ಮುಗಿಯಿತು. ಮೊದಲ ತಿಂಗಳುಗಳಲ್ಲಿ ಇಳಿದ ತೂಕ ಈಗ ಕೆಲವು ವಾರಗಳಿಂದ ಅಲ್ಲಾಡಿಲ್ಲ. ಅಕ್ಕ 78ರಲ್ಲಿ, ನಾನು 68ರಲ್ಲಿ. ಬೆಳಿಗ್ಗೆ ತಕ್ಕಡಿಯಿಂದ ಇಳಿದ ಅಕ್ಕ, "ಇಷ್ಟು ಬಾಯಿ ಕಟ್ಟಿದ್ರೂ ಇಷ್ಟೇ ಏನು?" ಎಂದು ಕಣ್ಣು ಒರೆಸಿಕೊಂಡರು.

ಕುಂದವಾಡ ಕೆರೆ ಏರಿಯ ಮೇಲೆ ನಡೆಯುತ್ತ ನನಗೆ ತಿಳಿದದ್ದು ಹೇಳಿದೆ. ದೇಹ ಚಿಕ್ಕದಾದಂತೆ ಅದಕ್ಕೆ ಬೇಕಾಗುವ ಶಕ್ತಿಯೂ ಕಡಿಮೆ. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ. ಉಗ್ರಾಣ ಬರಿದಾಗುತ್ತಿದೆ ಎಂದು ಮಿದುಳಿಗೆ ಸುದ್ದಿ ಹೋಗುತ್ತದೆ, ಹಸಿವು ಹೆಚ್ಚುತ್ತದೆ. ಬರಗಾಲ ದಾಟಿ ಬಂದ ದೇಹ ಹೀಗೇ ತನ್ನನ್ನು ಕಾಪಾಡಿಕೊಳ್ಳುತ್ತದೆ. ಇದರಲ್ಲಿ ನಮ್ಮ ಸೋಲೇನೂ ಇಲ್ಲ. ಮನೆಗೆ ಬಂದು ಅವರ ಹೊಲಿಗೆಯ ಟೇಪಿನಿಂದಲೇ ಸೊಂಟ ಅಳೆದೆ. ತೂಕ ನಿಂತಿದ್ದರೂ ಸುತ್ತಳತೆ ಇಳಿದಿತ್ತು. ಅಕ್ಕ ತಾವೇ ಇನ್ನೊಮ್ಮೆ ಅಳೆದು ನೋಡಿದರು, ನಂಬಿಕೆ ಬರಲೆಂದು.

ಒಬ್ಬಳೇ ಆಗಿದ್ದರೆ ಇವತ್ತಿಗೆ ಬಿಟ್ಟುಬಿಡುತ್ತಿದ್ದೆ ಅಂದರು. 1999ರ ಒಂದು ಅಧ್ಯಯನ ನೆನಪಾಯಿತು. ಒಬ್ಬರೇ ಬಂದು ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಪೂರ್ತಿ ಮುಗಿಸಿದವರು ಶೇ 76. ಗೆಳೆಯರೊಂದಿಗೆ ಬಂದು ಪರಸ್ಪರ ನೆರವಿನ ತರಬೇತಿಯನ್ನೂ ಪಡೆದವರಲ್ಲಿ ಶೇ 95. ಇಳಿದ ತೂಕವನ್ನು ಮುಂದಿನ ಆರು ತಿಂಗಳು ಹಾಗೇ ಉಳಿಸಿಕೊಂಡವರು ಮೊದಲ ಗುಂಪಿನಲ್ಲಿ ಶೇ 24, ಎರಡನೆಯದರಲ್ಲಿ ಶೇ 66. ಅಕ್ಕ ಈ ಅಂಕಿಗಳನ್ನು ಹೊಲಿಗೆ ಅಳತೆಯ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾರೆ.

15 ನವೆಂಬರ್, ಶುಕ್ರವಾರ

ಗೌರಿ ಹುಣ್ಣಿಮೆ. ಅಕ್ಕನ ಮಗಳು ಹೊಸ ಲಂಗ ಉಟ್ಟು, ತಟ್ಟೆಯಲ್ಲಿ ಸಕ್ಕರೆ ಆರತಿ ಜೋಡಿಸಿಕೊಂಡು ಗೆಳತಿಯರೊಡನೆ ಗೌರಿಗೆ ಆರತಿ ಬೆಳಗಲು ಹೋದಳು. ಗಿಣಿ, ಗೋಪುರ, ನವಿಲು; ಎಲ್ಲ ಅಚ್ಚಿಗೆ ಹೊಯ್ದ ಸಕ್ಕರೆ. ನೋಡಲು ಎಂಥ ಚೆಂದ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ದಿನಕ್ಕೆ ಸೇರಿಸಿದ ಸಕ್ಕರೆ 25 ಗ್ರಾಂ, ಅಂದರೆ ಆರು ಚಮಚದ ಒಳಗಿದ್ದರೆ ಒಳ್ಳೆಯದು. ಒಂದು ದೊಡ್ಡ ಗೋಪುರ ಅದಕ್ಕಿಂತ ಎಷ್ಟೋ ಹೆಚ್ಚು ತೂಗುತ್ತದೆ.

ರಾತ್ರಿ ಅಕ್ಕ ಬಂದು, "ಇವತ್ತು ಮಗಳ ಜೊತೆ ಕೂತು ಒಂದು ಗಿಣಿ ಪೂರಾ ತಿಂದೆ" ಅಂದರು. ಅಡಗಿಸಲಿಲ್ಲ, ತಲೆ ತಗ್ಗಿಸಲಿಲ್ಲ. "ಮಗಳು ಖುಷಿಪಟ್ಟಳೇನು?" ಎಂದು ಕೇಳಿದೆ. "ಬಾಳ" ಅಂದರು. ಅಲ್ಲಿಗೆ ಮಾತು ಮುಗಿಯಿತು. ಬೆಳಿಗ್ಗೆ ಎಂದಿನಂತೆ ಕೆರೆಗೆ ಹೋಗುತ್ತೇವೆ. ಬೈದರೆ ಮುಂದಿನ ಸಲ ಕದ್ದು ತಿನ್ನುತ್ತಾರೆ. ಹೇಳಿಕೊಳ್ಳಲು ಜಾಗವಿದ್ದರೆ, ತಿಂದದ್ದು ಆ ದಿನಕ್ಕೇ ಮುಗಿಯುತ್ತದೆ. ಇಷ್ಟು ತಿಂಗಳಲ್ಲಿ ನನಗೆ ಖಚಿತವಾದ ಸಂಗತಿ ಇದೊಂದೇ.

20 ಜನವರಿ 2025, ಸೋಮವಾರ

ಸಂಕ್ರಾಂತಿಯ ಎಳ್ಳು-ಬೆಲ್ಲ ಹಂಚಿ ಮುಗಿಸಿ ಪರೀಕ್ಷೆ ಮಾಡಿಸಿದೆವು. ಅಕ್ಕನ ತೂಕ 76, ಎಚ್‌ಬಿಎ1ಸಿ 5.8. ಪೂರ್ತಿ ಸುರಕ್ಷಿತ ಗಡಿಯೊಳಗೆ ಇನ್ನೂ ಬಂದಿಲ್ಲ, ಆದರೆ ಇಳಿದಿದೆ. ಮಾತ್ರೆ ಬೇಡ, ಹೀಗೇ ಮುಂದುವರಿಸಿ ಅಂದರು ಡಾಕ್ಟರು. ನನ್ನ ತೂಕ 66, ಸೊಂಟ 87. ನಾನಿನ್ನೂ ಇಳಿಸಬೇಕು.

ಸುದ್ದಿ ಓಣಿಗೆ ಹಬ್ಬಿದೆ. ಮೂರು ಮನೆಯ ಹೆಣ್ಣುಮಕ್ಕಳು ನಮ್ಮ ಜೊತೆ ನಡೆಯಲು ಬರುತ್ತೇವೆ ಎಂದಿದ್ದಾರೆ. ಯಾವ ಪುಡಿ ತಿಂದಿರಿ, ಯಾವ ಕಷಾಯ ಕುಡಿದಿರಿ ಎಂದು ಕೇಳಿದರು. ಅಕ್ಕ ನಕ್ಕು, ಅಂಥದ್ದೇನೂ ಇಲ್ಲ ಎಂದು ನಮ್ಮ ಕ್ರಮ ವಿವರಿಸಿದರು: ಎಣ್ಣೆ ಅಳೆಯುವುದು, ಪಲ್ಯ ಮೊದಲು ಉಣ್ಣುವುದು, ಸಂಜೆಯ ಹಸಿವಿಗೆ ಮೊದಲೇ ಏನಾದರೂ ಮಾಡಿಟ್ಟಿರುವುದು, ಆಸೆಯಾದಾಗ ಫೋನ್ ಮಾಡುವುದು. ಕೊನೆಗೆ, ಇಲ್ಲಿ ಯಾರೂ ಯಾರನ್ನೂ ದಪ್ಪ ಅನ್ನಬಾರದು, ತಿಂದೆ ಎಂದು ಹೇಳಿದವರನ್ನು ಬೈಯಬಾರದು ಎಂದು ಖಡಾಖಂಡಿತವಾಗಿ ಹೇಳಿದರು.

ತೂಕ ಇಳಿಸುವುದಕ್ಕಿಂತ ಇಳಿದದ್ದನ್ನು ಉಳಿಸಿಕೊಳ್ಳುವುದು ಕಷ್ಟ. ದೇಹ ಹಳೆಯ ತೂಕಕ್ಕೆ ಮರಳಲು ವರ್ಷಗಟ್ಟಲೆ ಎಳೆಯುತ್ತಲೇ ಇರುತ್ತದೆ. ಹಾಗಾಗಿ ಇನ್ನು ಮುಂದಿನ ಕೆಲಸಕ್ಕೆ ಇಬ್ಬರು ಸಾಲದು. ಐದು ಗಂಟೆಗೆ ನಾನು ಫೋನ್ ಮಾಡಿದಾಗ ಅಕ್ಕ ಹೊಲಿಗೆಯಲ್ಲಿದ್ದರೆ, ಇನ್ನೊಬ್ಬರು ಎತ್ತಬೇಕು. ಹೊಸಬರ ನಂಬರುಗಳನ್ನು ಇವತ್ತೇ ಬರೆದುಕೊಂಡೆ.