ಯಂತ್ರ ಬರೆಯುವ ದಿನಚರಿ

ದಿನಚರಿ ಬರೆಯಬೇಕೆಂಬ ಸಂಕಲ್ಪ ಹೊಸ ವರ್ಷದ ಮೊದಲ ದಿನ ಹುಟ್ಟಿ, ಸಂಕ್ರಾಂತಿಯ ಹೊತ್ತಿಗೆ ಎಳ್ಳುಬೆಲ್ಲದೊಡನೆ ಕರಗಿಹೋಗುವುದು ಮನುಷ್ಯಸ್ವಭಾವ. ಈ ದೌರ್ಬಲ್ಯವಿಲ್ಲದ ದಿನಚರಿಕಾರನೊಬ್ಬ ಇಂದು ಅನೇಕ ಮನೆಗಳಲ್ಲಿ ಮೇಜಿನ ಮೇಲೆ ಕುಳಿತಿದ್ದಾನೆ. ಅವನೇ ಕಂಪ್ಯೂಟರು. ಬಂದವರಾರು, ಹೋದವರಾರು, ಯಾವ ಕೆಲಸ ನಡುವೆ ನಿಂತಿತು ಎಂಬುದನ್ನು ಅವನು ಗಳಿಗೆ ಸಹಿತ ಬರೆದಿಡುತ್ತಾನೆ. ಮನೆಯ ಬ್ಯಾಂಕಿನ ಲೆಕ್ಕ, ವೈದ್ಯರ ವರದಿ, ಮಕ್ಕಳ ಪತ್ರಗಳೆಲ್ಲ ಅವನ ವಶದಲ್ಲೇ ಇರುವಾಗ ಆ ಬರಹವನ್ನು ಓದುವವರು ಮಾತ್ರ ವಿರಳ!

1993ರಲ್ಲಿ ಬಂದ ವಿಂಡೋಸ್ ಎನ್‌ಟಿಯ ಕಾಲದಿಂದಲೂ ಈ ದಿನಚರಿಯನ್ನು ತೆರೆದು ತೋರಿಸುವ ‘ಈವೆಂಟ್ ವ್ಯೂವರ್’ ಜೊತೆಗೇ ಇದೆ. ಅದರ ಭಾಷೆ ಅಂಕಿಗಳದು. ಇಂದಿನ ವಿಂಡೋಸಿನಲ್ಲಿ 4624 ಎಂದರೆ ಒಬ್ಬರು ಒಳಬಂದರು. 4625 ಎಂದರೆ ಬಾಗಿಲು ತಟ್ಟಿಯೂ ಒಳಬರಲಾರದೆ ಹೋದರು. 4720 ಎಂದರೆ ಹೊಸ ಹೆಸರೊಂದು ಯಂತ್ರದಲ್ಲಿ ಸೇರಿತು. ಒಳಬಂದವರಲ್ಲಿ ಬಹುಪಾಲು ಯಂತ್ರದ ಸ್ವಂತ ಸೇವಕರೇ. ಅದನ್ನು ತಿಳಿಸಲು ಬಗೆಯ ಸಂಖ್ಯೆ ಉಂಟು: 5 ಎಂದರೆ ಸೇವಕ, 2 ಎಂದರೆ ಎದುರಿಗೆ ಕುಳಿತವನು, 10 ಎಂದರೆ ದೂರದಿಂದ ಪ್ರವೇಶಿಸಿದವನು. ಆದರೆ ಮನೆಮಂದಿಯೆಲ್ಲ ಒಂದೇ ಹೆಸರಿನಲ್ಲಿ ಒಳಹೊಕ್ಕರೆ ದಿನಚರಿಕಾರ ತಾನೇ ಏನು ಮಾಡಿಯಾನು?

ಓದಲರಿಯದವರಿಗೆ ಅಪಾಯ ಇನ್ನೊಂದು ಕಡೆಯಿಂದಲೂ ಬರುತ್ತದೆ. ದೂರವಾಣಿಯಲ್ಲಿ ಸಹಾಯಕರಂತೆ ನಟಿಸುವ ವಂಚಕರು ಇದೇ ಪುಟವನ್ನು ತೆರೆಸಿ, ಅಲ್ಲಿನ ಕೆಂಪು ಗುರುತುಗಳನ್ನು ತೋರಿಸಿ, “ನಿಮ್ಮ ಯಂತ್ರ ಕೆಟ್ಟಿತು” ಎಂದು ಹೆದರಿಸಿ ಹಣ ಕೀಳುತ್ತಾರೆ. ಆರೋಗ್ಯವಾಗಿರುವ ಯಂತ್ರದಲ್ಲೂ ಅಂಥ ಗುರುತುಗಳು ಹತ್ತಾರು ಇರುವುದು ಸಹಜವೆಂದು ತಿಳಿದವರು ಮೋಸಹೋಗಲಾರರು.

ಲೆಕ್ಕ ನೋಡುವ ಶ್ರದ್ಧೆಗೆ ಎಂಥ ಫಲವುಂಟೆಂಬುದಕ್ಕೆ ಕ್ಲಿಫರ್ಡ್ ಸ್ಟೋಲ್ ಸಾಕ್ಷಿ. 1986ರಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಗಣಕದ ಬಳಕೆಯ ಲೆಕ್ಕಕ್ಕೆ 75 ಸೆಂಟು ತಾಳೆಯಾಗಲಿಲ್ಲ. ಈ ಖಗೋಳಜ್ಞ ಅದರ ಬೆನ್ನುಹತ್ತಿ, ಒಳಬರುವ ತಂತಿಗಳಿಗೆ ಮುದ್ರಣಯಂತ್ರಗಳನ್ನು ಜೋಡಿಸಿ, ನುಸುಳುಕೋರನು ಅಳಿಸಲಾಗದ ದಾಖಲೆಯನ್ನು ಕಾಗದದ ಮೇಲೆಯೇ ಪಡೆದ. ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರಿಗೆ, ಅಲ್ಲಿಂದ ಸೋವಿಯತ್ ಗೂಢಚಾರರವರೆಗೆ ಮುಟ್ಟಿತು.

ಮನೆಯ ದಿನಚರಿಯ ಪುಟಗಳಿಗೆ ಮಿತಿಯುಂಟು. ಭದ್ರತೆಯ ವಿಭಾಗಕ್ಕೆ ಸಾಮಾನ್ಯವಾಗಿ 20 ಮೆಗಾಬೈಟು ಜಾಗ. ಅದು ತುಂಬಿದರೆ ಹಳೆಯದು ಅಳಿದು ಹೊಸದು ಕೂಡುತ್ತದೆ. ಯಾವ ಕಡತವನ್ನು ಯಾರು ಮುಟ್ಟಿದರೆಂಬುದನ್ನಂತೂ ಮೊದಲೇ ಅಪ್ಪಣೆಯಿತ್ತಿದ್ದರಲ್ಲದೆ ಅವನು ಬರೆಯುವುದಿಲ್ಲ. ಕಳುವಾದ ಮೇಲೆ ಕೇಳಿ ಫಲವಿಲ್ಲ. ನುಸುಳಿದವನು ಭದ್ರತೆಯ ಪುಟಗಳನ್ನೆಲ್ಲ ಒರೆಸಿಹಾಕಿದರೂ, ಬರಿದಾದ ಹಾಳೆಯ ಮೇಲೆ 1102 ಎಂಬ ಸಾಲು ಮೂಡಿ, ಯಾರ ಹೆಸರಿನಲ್ಲಿ ಒರೆಸಲಾಯಿತೆಂದು ಹೇಳುತ್ತದೆ.

ಹಾಲಿನವನ ಲೆಕ್ಕವನ್ನು ತಿಂಗಳಿಗೊಮ್ಮೆ ತಾಳೆನೋಡುವ ಗೃಹಸ್ಥರು ಭಾನುವಾರದ ಹತ್ತು ನಿಮಿಷವನ್ನು ಈ ಲೆಕ್ಕಕ್ಕೂ ಕೊಟ್ಟರೆ, ಬರೆಯುವವನ ಶ್ರಮವೂ ಸಾರ್ಥಕ.