ಬಾಡಿಗೆಯ ಆತಿಥ್ಯ

ಮೈಸೂರಿನ ಲಲಿತಮಹಲಿಗೆ ಅಸ್ತಿಭಾರ ಬಿದ್ದುದು 1921ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರವರು ಅದನ್ನು ವೈಸರಾಯರ ಬಿಡಾರಕ್ಕೆಂದು ಕಟ್ಟಿಸಿದರು. 1974ರಲ್ಲಿ ಅದು ಹೋಟೆಲಾಗಿ, ಹಣ ತೆತ್ತವರೆಲ್ಲರಿಗೂ ಬಾಗಿಲು ತೆರೆಯಿತು. ಒಳ್ಳೆಯದೇ ಆಯಿತು. ಆದರೆ ಹಣ ತೆತ್ತು ಅತಿಥಿಯಾಗುವುದು ನನಗಿನ್ನೂ ರೂಢಿಯಾಗಿಲ್ಲ.

ಪರಸ್ಥಳದ ಇಂತಹುದೇ ಒಂದು ಭವನದಲ್ಲಿ ನಾನು ಉಣ್ಣುತ್ತಿದ್ದಾಗ, ನನ್ನ ತಂದೆಯವರ ವಯಸ್ಸಿನ ಪರಿಚಾರಕರೊಬ್ಬರು, ಜರಿಯ ರುಮಾಲು ಸುತ್ತಿ, ಕುರ್ಚಿಯ ಹಿಂದೆ ನಿಂತೇ ಇದ್ದರು. ನಮ್ಮ ಮನೆಗಳಲ್ಲಿಯೂ ಬಡಿಸುವವರು ನಿಂತಿರುವರು, ಅಹುದು. ಆದರೆ ಅವರು ಇನ್ನೊಂದು ಹೋಳಿಗೆಗಾಗಿ ಒತ್ತಾಯಪಡಿಸುವರು, ಬೇಡವೆಂದರೆ ಮುನಿಯುವರು. ಈ ಹಿರಿಯರಿಗೆ ಮುನಿಯುವ ಸ್ವಾತಂತ್ರ್ಯವಿರಲಿಲ್ಲ.

“ತಮ್ಮ ಊಟವಾಯಿತೆ?” ಎಂದು ಕೇಳಿದೆನು.

“ತಾವು ಎದ್ದ ಮೇಲೆ, ಸ್ವಾಮಿ,” ಎಂದರು.

ಪಾಯಸವನ್ನು ಅರ್ಧಕ್ಕೇ ಬಿಟ್ಟು ಎದ್ದೆನು.