36ರ ಲೆಕ್ಕದವರು

ಕೊರಳಲ್ಲಿ ರೀಲ್ ಕ್ಯಾಮೆರಾ ಇದ್ರೆ ಗುರುತಿಲ್ಲದವರೂ ನಿಂತು ಮಾತಾಡಿಸ್ತಾರೆ. ನಮ್ಮದು ಪೆಂಟ್ಯಾಕ್ಸ್ ಕೆ1000, 1976ರಲ್ಲಿ ಬಂದ ಮಾದರಿ. ಬ್ಯಾಟರಿ ಬೇಕಿರೋದು ಬೆಳಕು ಅಳೆಯೋ ಮೀಟರಿಗೆ ಮಾತ್ರ. ಶಟರ್ ಪೂರ್ತಿ ಮೆಕ್ಯಾನಿಕಲ್. ಒಂದು ರೋಲಿಗೆ 36 ಫೋಟೋ, ಅಷ್ಟೇ.

ಲಾಲ್‌ಬಾಗ್ ಗಾಜಿನಮನೆ ಹತ್ತಿರ ಶಟರ್ ಸದ್ದಿಗೆ ಹಿರಿಯರೊಬ್ಬರು ತಿರುಗಿದರು. ಅವರ ಹೆಗಲಲ್ಲೂ ಹಳೇ ಯಾಶಿಕಾ!

"ಎಷ್ಟನೇದು?" ಅಂದರು.

"34, ಸರ್."

"ನಂದು 12. ಮೊದಲ 11ರಲ್ಲಿ ನಮ್ಮನೆಯವರಿದ್ದಾರೆ. ಅವರು ಹೋದಮೇಲೆ ರೋಲ್ ಮುಗಿಸೋಕೆ ಮನಸ್ಸೇ ಬಂದಿಲ್ಲ."

ಡೆವಲಪ್ ಮಾಡದೆ ಇಟ್ಟ ಫಿಲಂನಲ್ಲಿ ಚಿತ್ರ ನಿಧಾನವಾಗಿ ಮಸುಕಾಗುತ್ತೆ. ಹೇಳೋದೋ ಬೇಡವೋ ಅಂತ ಮುಖ ಮುಖ ನೋಡ್ಕೊಂಡು, ಹೇಳಿಬಿಟ್ವಿ.

"ಗೊತ್ತು ಕಣ್ರಪ್ಪಾ, ಅದಕ್ಕೇ ಇವತ್ತು ಹೊರಟೆ," ಅಂದರು.

ನಾವು ಹೆಸರು ಕೇಳಲಿಲ್ಲ. ನಮ್ಮ ಲ್ಯಾಬಿನ ವಿಳಾಸ ಬರೆದುಕೊಟ್ವಿ. ಅವರು ಅದನ್ನ ಮಡಚಿ ಜೇಬಿಗಿಟ್ಟು, 13ನೇದಕ್ಕೆ ಲಿವರ್ ಎಳೆದರು.